ಸತುವಿನ ಊರಲ್ಲೊಂದು ಸೊಲೆಕ್ಸ್

ಕಾರ್ಬುರೇಟರ್ ಬಿಚ್ಚಿ ಕೂಡಿಸುವ ಕೆಲಸಕ್ಕೆ ಬೀದರದ ಚಳಿಗಾಲದಂಥ ಕಾಲ ಇನ್ನೊಂದಿಲ್ಲ. ಮಳೆಗಾಲದಲ್ಲಿ ಹವಾ ತೇವ ತುಂಬಿಕೊಂಡಿರುತ್ತದೆ. ಬೇಸಿಗೆಯಲ್ಲಿ ತಟ್ಟೆಗೆ ಸುರಿದ ಪೆಟ್ರೋಲು ಬ್ರಷ್ ಅದ್ದುವಷ್ಟರಲ್ಲಿ ಅರ್ಧ ಆರಿರುತ್ತದೆ, ಉಳಿದರ್ಧದ ಮೇಲೆ ಧೂಳು ಕೂತಿರುತ್ತದೆ. ಡಿಸೆಂಬರಿನಲ್ಲಿ ಹಾಗಲ್ಲ. ಒಂಬತ್ತರ ಸುಮಾರಿಗೆ ಅಂಗಳಕ್ಕೆ ಬಿಸಿಲು ಬರುತ್ತದೆ, ಬೆರಳುಗಳ ಜೋಮು ಬಿಡುತ್ತದೆ, ಬೆಳಕು ಎಷ್ಟು ತಿಳಿಯಾಗಿರುತ್ತದೆಂದರೆ ಒಂದು ಮಿಲಿಮೀಟರ್ ತೂತಿನ ಅಂಚಿಗೆ ಅಂಟಿದ ಕಸರು ಕೂಡ ಕಣ್ಣಿಗೆ ಬೀಳುತ್ತದೆ. ಹಳೆಯ ಬಿಳಿ ಧೋತರ ಹಾಸಿ, ಬಿಚ್ಚಿದ ಕ್ರಮದಲ್ಲೇ ಒಂದೊಂದು ಭಾಗವನ್ನೂ ಅದರ ಮೇಲೆ ಇಡುತ್ತ ಹೋಗುವುದು ಈ ಕೆಲಸದ ಮೊದಲ ಸುಖ.

ನಾನು ಹೇಳುತ್ತಿರುವುದು ಪ್ರೀಮಿಯರ್ ಪದ್ಮಿನಿಯ ಕಾರ್ಬುರೇಟರಿನ ಮಾತು. ವಾಲಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್, ಮುಂಬೈಯ ಕುರ್ಲಾದಲ್ಲಿ ಇಟಲಿಯ ಫಿಯಟ್ 1100 ಕಾರನ್ನು ಕೂಡಿಸತೊಡಗಿತು. ಬರಬರುತ್ತ ಬಿಡಿಭಾಗಗಳೆಲ್ಲ ಇಲ್ಲೇ ತಯಾರಾದವು. 1970ರ ದಶಕದಲ್ಲಿ ಕಾರಿಗೆ ಪದ್ಮಿನಿ ಎಂಬ ಹೆಸರು ಬಂತು. ನಮ್ಮ ಕಡೆ ಮಾತ್ರ ಅದು ಕೊನೆಯವರೆಗೂ ಫಿಯಟ್ ಗಾಡಿಯೇ. ನಾಲ್ಕು ಸಿಲಿಂಡರಿನ 1089 ಸಿ.ಸಿ. ಎಂಜಿನ್, ಸ್ಟಿಯರಿಂಗಿನ ಮಗ್ಗುಲಲ್ಲಿ ಕೈ ಗೇರು, ಸೋಫಾದ ಹಾಗೆ ಉದ್ದಕ್ಕೂ ಒಂದೇ ಸೀಟು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಬೀದರ, ಭಾಲ್ಕಿ, ಔರಾದಗಳಲ್ಲಿ ಈಗ ಅದನ್ನು ಓಡಿಸುವವರು ಅಪರೂಪ. ಇದ್ದವರು ಪ್ರೀತಿಯಿಂದ ಇಟ್ಟುಕೊಂಡಿದ್ದಾರೆ.

ಬಾನೆಟ್ ಎತ್ತಿ ಏರ್ ಫಿಲ್ಟರ್ ತೆಗೆದರೆ ಕೆಳಗೆ ಕಾಣುವುದು ಸೊಲೆಕ್ಸ್. ಪ್ಯಾರಿಸಿನಲ್ಲಿ ಗುದಾರ್ ಮತ್ತು ಮೆನೆಸೊನ್ ಎಂಬ ಇಬ್ಬರು ಎಂಜಿನಿಯರುಗಳು ಕಳೆದ ಶತಮಾನದ ಆರಂಭದಲ್ಲಿ ಹುಟ್ಟುಹಾಕಿದ ಹೆಸರು ಅದು. ನಮ್ಮ ದೇಶದಲ್ಲಿ ಪರವಾನಗಿ ಪಡೆದು ಅದನ್ನು ಮಾಡಿದ್ದು ಮದ್ರಾಸಿನ ಕಾರ್ಬುರೇಟರ್ಸ್ ಲಿಮಿಟೆಡ್. ಅಂಗೈಯಲ್ಲಿ ಹಿಡಿದರೆ ಗಾತ್ರಕ್ಕಿಂತ ತೂಕ ಹೆಚ್ಚು ಅನ್ನಿಸುತ್ತದೆ. ಅಲ್ಯುಮಿನಿಯಂ ಇರಬೇಕು ಅಂದುಕೊಂಡು ಎತ್ತಿದವರ ಕೈ ಒಮ್ಮೆ ಕೆಳಗಿಳಿಯುತ್ತದೆ. ಇದರ ಒಡಲು ಸತು.

ಇಲ್ಲಿ ಬೀದರದವನಿಗೆ ಒಂದು ಹೆಚ್ಚಿನ ಸುಖ ಉಂಟು. ಸತುವಿನ ಗುಣ ಬಲ್ಲ ಊರು ನಮ್ಮದು. ಚೌಬಾರಾದ ಸುತ್ತಿನ ಓಣಿಗಳಲ್ಲಿ ಬಿದ್ರಿ ಕಸುಬಿನವರು ಇವತ್ತಿಗೂ ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಕಾರ್ಬುರೇಟರಿನ ಲೋಹದ ಹೆಸರು ಜಮಾಕ್. ಅದೂ ಬಹುಪಾಲು ಸತು. ನೂರಕ್ಕೆ ನಾಲ್ಕರಷ್ಟು ಅಲ್ಯುಮಿನಿಯಂ, ಚೂರು ತಾಮ್ರ, ಚಿಟಿಕೆ ಮೆಗ್ನೀಸಿಯಂ. ಸತು 420 ಡಿಗ್ರಿ ಸೆಲ್ಸಿಯಸಿನ ಹತ್ತಿರದಲ್ಲೇ ಕರಗುತ್ತದೆ, ನೀರಾಗಿ ಹರಿದು ಅಚ್ಚಿನ ಮೂಲೆಮೂಲೆಗೆ ಇಳಿಯುತ್ತದೆ, ಆರಿದ ಮೇಲೆ ಉಳಿಗೂ ಡ್ರಿಲ್ಲಿಗೂ ಸುಲಭವಾಗಿ ಬಗ್ಗುತ್ತದೆ. ಬಹಮನಿಯರ ಕಾಲದ ಕುಶಲಿಗನಿಗೆ ಹುಕ್ಕಾದ ಬುರುಡೆ ಹೊಯ್ಯಲು ಯಾವ ಗುಣ ಬೇಕಿತ್ತೋ, ಕಾರ್ಬುರೇಟರ್ ಮಾಡುವವರಿಗೂ ಅದೇ ಗುಣ ಬೇಕಾಯಿತು. ಬಿದ್ರಿಯವನು ಮೈಲುತುತ್ತ ಹಚ್ಚಿ, ಕೊರೆದು, ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕಿ ಸತುವನ್ನು ಕಪ್ಪಾಗಿಸುತ್ತಾನೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅವನ ಕುಸುರಿಯೆಲ್ಲ ಹೊರಮೈಯ ಮೇಲೆ. ಸೊಲೆಕ್ಸಿನ ಕುಸುರಿ ಪೂರ್ತಿ ಒಳಗೆ: ಸಣ್ಣ ಸಣ್ಣ ದಾರಿಗಳು, ಒಂದು ಇನ್ನೊಂದನ್ನು ಓರೆಯಾಗಿ ಕೂಡುವ ಕೊರೆತಗಳು, ಕೊರೆದ ಮೇಲೆ ಬಾಯಿ ಮುಚ್ಚಿದ ಪುಟ್ಟ ಬಿರಡೆಗಳು.

ಅದಕ್ಕೇ ಕಾರ್ಬುರೇಟರಿನ ಹೊರಮೈಯನ್ನು ಬಫ್ ಹಿಡಿದು ಕನ್ನಡಿ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸತುವಿನ ಆ ಮಾಸಲು ಬೂದು ಬಣ್ಣವೇ ಅದಕ್ಕೆ ಒಪ್ಪುತ್ತದೆ. ಹೊಳಪು ಬೇಕಿದ್ದರೆ ಒಳಗಿನ ಹಿತ್ತಾಳೆಯಲ್ಲಿ ಬೇಕಾದಷ್ಟಿದೆ.

ಬಿಚ್ಚುವ ಮುಂಚೆ ಹೊರಗಿನ ಜಿಡ್ಡು ತೊಳೆಯಬೇಕು. ಸೀಮೆಎಣ್ಣೆಯಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ ಸಾಕು. ನಮ್ಮ ಮನೆಗಳಲ್ಲಿ ಹಿತ್ತಾಳೆ ಕಂಡರೆ ಹುಣಸೆಹಣ್ಣು ತರುವ ರೂಢಿಯಿದೆ. ಇಲ್ಲಿ ಅದು ಬೇಡ. ಹುಳಿ ಸತುವನ್ನು ತಿನ್ನುತ್ತದೆ, ತಿಂದ ಜಾಗ ಮತ್ತೆ ತುಂಬುವುದಿಲ್ಲ. ಬೀಡಿ, ಸಿಗರೇಟು, ದೇವರ ದೀಪ ಎಲ್ಲ ದೂರ ಇರಲಿ. ಮೇಲ್ಮುಚ್ಚಳದ ಸ್ಕ್ರೂಗಳನ್ನು ಪೇಚಕಸ್‌ನಿಂದ ಒಂದು ಸಲ ಗಟ್ಟಿಯಾಗಿ ಒತ್ತಿ, ಆಮೇಲೆ ತಿರುಗಿಸಬೇಕು. ಜಾರಿದರೆ ಸ್ಕ್ರೂ ತಲೆ ಕೆಡುತ್ತದೆ. ಮುಚ್ಚಳ ಎದ್ದಾಗ ಬರುವ ವಾಸನೆ, ಹಳೆಯ ಪೆಟ್ರೋಲು ಅಂಟಾಗಿ ವಾರ್ನಿಷ್ ಆದ ವಾಸನೆ, ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ. ಪೆಟ್ರೋಲು ನಿಲ್ಲುವ ತೊಟ್ಟಿಯ ತಳದಲ್ಲಿ ಕೆಂಪನೆಯ ಪುಡಿ ಕಂಡರೆ ಅದು ಟ್ಯಾಂಕಿನ ತುಕ್ಕು. ಬಿಳಿಯ ಹಿಟ್ಟು ಕಂಡರೆ ಸತುವೇ ನೀರಿನಂಶಕ್ಕೆ ಕರಗಿ ಹೂ ಬಿಟ್ಟದ್ದು. ತೊಟ್ಟಿಯ ತಳ ನೋಡಿಯೇ ಗಾಡಿ ಹೇಗೆ ಬಾಳಿತು ಎಂದು ಅರ್ಧಕ್ಕರ್ಧ ಹೇಳಬಹುದು.

ತೊಟ್ಟಿಯಲ್ಲಿ ತೇಲುವ ಫ್ಲೋಟ್ ತೆಳು ಹಿತ್ತಾಳೆಯ ಟೊಳ್ಳು ಡಬ್ಬಿ. ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಬೇಕು. ಒಳಗೆ ಕುಲುಕುವ ಸದ್ದು ಬಂದರೆ ಎಲ್ಲೋ ಸೂಜಿಮೊನೆಯಷ್ಟು ತೂತಿದೆ. ಬಿಸಿ ನೀರಲ್ಲಿ ಮುಳುಗಿಸಿ ಹಿಡಿದರೆ ಒಳಗಿನ ಹವಾ ಹಿಗ್ಗಿ, ತೂತಿದ್ದಲ್ಲಿಂದ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ. ಒಂದು ಹನಿ ಬೆಸುಗೆಯಿಂದ ಅದು ವಾಸಿಯಾಗುತ್ತದೆ. ಹನಿ ದೊಡ್ಡದಾದರೆ ಫ್ಲೋಟ್ ಭಾರವಾಗಿ ಪೆಟ್ರೋಲಿನ ಮಟ್ಟವೇ ಮೇಲೇರುತ್ತದೆ. ಸೂಜಿ ವಾಲ್ವ್‌ನದೂ ಇಂಥದೇ ಸೂಕ್ಷ್ಮ. ಅದರ ಕೆಳಗೆ ಕೂರುವ ವಾಷರಿನ ದಪ್ಪ ಎಷ್ಟೋ ಅದರ ಮೇಲೆ ತೊಟ್ಟಿಯ ಮಟ್ಟ ನಿಂತಿದೆ. ಕಂಪನಿಯವರು ಮಟ್ಟ ಸರಿಪಡಿಸಲು ಬೇರೆ ಸ್ಕ್ರೂ ಇಟ್ಟಿಲ್ಲ, ಒಂದು ವಾಷರನ್ನು ನಂಬಿದ್ದಾರೆ. ಈ ಮಿತವ್ಯಯ ನನಗೆ ಬಹಳ ಮೆಚ್ಚುಗೆ.

ಇನ್ನು ಜೆಟ್‌ಗಳು. ಮೇನ್ ಜೆಟ್ ತೊಟ್ಟಿಯ ಹೊರಗಿನಿಂದಲೇ ಬಿಚ್ಚಬರುವ ಹಿಡಿಕೆಯ ತುದಿಯಲ್ಲಿ ಕೂತಿರುತ್ತದೆ. ಶೇಂಗಾಬೀಜಕ್ಕಿಂತ ಚಿಕ್ಕದು. ತಲೆಯ ಮೇಲೆ ಒಂದು ಅಂಕಿ ಕೊರೆದಿರುತ್ತದೆ. ಆ ಅಂಕಿ ಮಿಲಿಮೀಟರಿನ ನೂರನೇ ಪಾಲಿನ ಲೆಕ್ಕದಲ್ಲಿ ತೂತಿನ ಅಳತೆ: 120 ಎಂದಿದ್ದರೆ 1.20 ಮಿಲಿಮೀಟರ್. ಬೆರಳ ತುದಿಯಲ್ಲಿ ಹಿಡಿದು ಸೂರ್ಯನ ಕಡೆ ಎತ್ತಿದರೆ ದುಂಡನೆಯ ಬೆಳಕಿನ ಚುಕ್ಕೆ ಕಾಣುತ್ತದೆ. ಆ ದುಂಡು ಅಂಚು ಒಂದಿಷ್ಟೂ ಮಸುಕಾಗಿರಬಾರದು. ಅವಸರದವರು ಇಲ್ಲಿ ತಂತಿ ಹಾಕುತ್ತಾರೆ. ಹಿತ್ತಾಳೆ ಮೆತ್ತಗಿನ ಲೋಹ, ತಂತಿ ಉಕ್ಕಿನದು. 1.20 ಇದ್ದದ್ದು 1.25 ಆಯಿತೆಂದರೆ ತೂತಿನ ವಿಸ್ತೀರ್ಣ ನೂರಕ್ಕೆ ಎಂಟಕ್ಕಿಂತ ಹೆಚ್ಚು ಬೆಳೆಯಿತು. ಅಂಕಿ ಮಾತ್ರ 120 ಎಂದೇ ಸುಳ್ಳು ಹೇಳುತ್ತಿರುತ್ತದೆ. ಭಾಲ್ಕಿಯ ಹಿರಿಯ ಮಿಸ್ತ್ರಿಯೊಬ್ಬರು ನನಗೆ ಇದನ್ನು ಮೊದಲು ಹೇಳಿದವರು. “ನೋಡ್ರಿ ಮಾಸ್ತರ್, ಕಚರಾ ಬಂದದಂತ ತಾರ ಹಾಕಬ್ಯಾಡ್ರಿ. ಪೆಟ್ರೋಲನ್ಯಾಗ ರಾತ್ರಿ ಬಿಡ್ರಿ, ಮುಂಜಾನೆ ಹವಾ ಹೊಡೀರಿ. ತಾನೇ ಬಿಡ್ತದ.” “ಬಿಡಲಿಲ್ಲಂದ್ರ ಚಾಚಾ?” ಎಂದೆ. “ಇನ್ನೊಂದ್ ರಾತ್ರಿ ಬಿಡ್ರಿ” ಎಂದರು.

ಧೋತರದ ಮೇಲಿರುವ ಭಾಗಗಳಲ್ಲಿ ಎಲ್ಲಕ್ಕಿಂತ ಚೆಲುವು ಇಮಲ್ಷನ್ ಟ್ಯೂಬಿನದು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಮೈತುಂಬ ಸಣ್ಣ ತೂತು. ನೋಡಿದವರಿಗೆ ಕೊಳಲೇ ನೆನಪಾಗುತ್ತದೆ. ಪೆಟ್ರೋಲಿನ ಒಳಗೆ ಮುಳುಗಿ ನಿಂತ ಈ ಕೊಳವೆಯ ತಲೆಯ ಮೇಲೆ ಏರ್ ಜೆಟ್ ಇದೆ. ಎಂಜಿನ್ ವೇಗ ಹೆಚ್ಚಿದಂತೆ ಕೊಳವೆ ನಿಂತ ಬಾವಿಯ ಪೆಟ್ರೋಲಿನ ಮಟ್ಟ ಇಳಿಯುತ್ತದೆ, ಒಂದೊಂದೇ ತೂತು ಬಾಯಿ ತೆರೆಯುತ್ತದೆ, ತೆರೆದ ತೂತಿನಿಂದ ಹವಾ ನುಗ್ಗಿ ಪೆಟ್ರೋಲನ್ನು ನೊರೆ ಮಾಡುತ್ತದೆ. ಯಾಕೆ ಬೇಕು ಇದು? ಬರೀ ಒಂದು ಜೆಟ್ ಇಟ್ಟರೆ ವೇಗ ಏರಿದಷ್ಟೂ ಪೆಟ್ರೋಲು ಹವಾದ ಪ್ರಮಾಣ ಮೀರಿ ಹರಿಯುತ್ತದೆ. ಆ ಮೀರುವಿಕೆಯನ್ನು ಅಳೆದು ತಡೆಯಲು ಇಲ್ಲಿ ಕರೆಂಟಿಲ್ಲ, ಸೆನ್ಸರ್ ಇಲ್ಲ, ಅಲುಗಾಡುವ ಒಂದು ಭಾಗ ಕೂಡ ಇಲ್ಲ. ಇಳಿಯುವ ಮಟ್ಟವೇ ಲೆಕ್ಕ, ತೆರೆಯುವ ತೂತೇ ಉತ್ತರ. ಒಂದು ಲೀಟರ್ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ, ತೂಕದಲ್ಲಿ ಒಂದಕ್ಕೆ 14.7ರ ಲೆಕ್ಕ ಹಿಡಿದು, ನಮ್ಮ ಬೀದರದ ಎತ್ತರದಲ್ಲಿ ಸುಮಾರು 10,000 ಲೀಟರ್ ಹವಾ ಬೇಕು. ಸ್ಲೋ ಸ್ಪೀಡಿನಲ್ಲಿ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ನಾಲ್ಕು ಸಿಲಿಂಡರುಗಳು ಸೇರಿ ನಿಮಿಷಕ್ಕೆ 1,600 ಸಲ ಉಸಿರು ಎಳೆಯುತ್ತವೆ. ಪ್ರತಿ ಉಸಿರಿಗೂ ಈ ತೂತುಗಳು ಪಾಲು ಹಂಚಿ ಕೊಡುತ್ತಿರುತ್ತವೆ.

ಈ ವಿದ್ಯೆಯ ಬೇರು ಕಾರು ಹುಟ್ಟುವುದಕ್ಕಿಂತ ಹೆಚ್ಚುಕಡಿಮೆ ನೂರು ವರ್ಷ ಹಿಂದಿನದು. ಕೊಳವೆಯ ನಡು ಸಣ್ಣದಾದಲ್ಲಿ ಹರಿವಿನ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ ಎಂಬುದನ್ನು ನೀರಿನ ಹರಿವಿನಲ್ಲಿ ಕಂಡು ಬರೆದವನು ಇಟಲಿಯ ಜೊವಾನ್ನಿ ಬತ್ತಿಸ್ತಾ ವೆಂಚುರಿ (1746–1822). 1893ರಲ್ಲಿ ಹಂಗೆರಿಯ ಬಾಂಕಿ ಮತ್ತು ಚೊಂಕಾ, ಜರ್ಮನಿಯ ಮೈಬಾಖ್ ಇದೇ ತತ್ವ ಹಿಡಿದು ಪೆಟ್ರೋಲನ್ನು ತುಂತುರು ಮಾಡಿ ಎಂಜಿನ್‌ಗೆ ಕೊಟ್ಟರು. ಪದ್ಮಿನಿಯ ಸೊಲೆಕ್ಸಿನಲ್ಲಿ ಆ ಸಣ್ಣ ನಡುವನ್ನು ಒಂದು ಸ್ಕ್ರೂ ಸಡಿಲಿಸಿ ಹೊರಗೆ ತೆಗೆಯಬಹುದು. ವೆಂಚುರಿಯನ್ನು ಅಂಗೈ ಮೇಲೆ ನಿಲ್ಲಿಸಿ ನೋಡಿ. ಮೇಲಿನ ಅಂಚಿನಿಂದ ನಡುವಿಗೆ ಬೇಗ ಇಳಿದು, ಅಲ್ಲಿಂದ ಕೆಳಕ್ಕೆ ನಿಧಾನವಾಗಿ ಅಗಲವಾಗುವ ಆ ತಿರುವಿನಲ್ಲಿ ಅವಸರ ಎಲ್ಲೂ ಇಲ್ಲ. ಬೆರಳು ಒಳಗೆ ಹಾಕಿ ಸವರಿದರೆ ಕಣ್ಣಿಗೆ ಕಾಣದ ಗೀರು ಕೂಡ ಸಿಗುತ್ತದೆ.

ಸ್ಟಾರ್ಟರಿನದು ಬೇರೆಯೇ ಜಾಣತನ. ಡ್ಯಾಶ್‌ಬೋರ್ಡಿನ ಚೋಕ್ ಗುಂಡಿ ಎಳೆದರೆ ಬಹಳ ಕಾರುಗಳಲ್ಲಿ ಕಾರ್ಬುರೇಟರಿನ ಬಾಯಿಗೆ ಒಂದು ತಟ್ಟೆ ಅಡ್ಡ ಬರುತ್ತದೆ. ಈ ಸೊಲೆಕ್ಸಿನಲ್ಲಿ ಹಾಗಿಲ್ಲ. ಮಗ್ಗುಲಿಗೆ ಇನ್ನೊಂದು ಪುಟಾಣಿ ಕಾರ್ಬುರೇಟರನ್ನೇ ಕೂರಿಸಿದ್ದಾರೆ, ಅದಕ್ಕೆ ತನ್ನದೇ ಜೆಟ್, ತನ್ನದೇ ಹವಾ. ತೂತು ಕೊರೆದ ಒಂದು ಬಿಲ್ಲೆ ತಿರುಗಿ ದಾರಿ ತೆರೆಯುತ್ತದೆ, ಮುಚ್ಚುತ್ತದೆ. ಆ ಬಿಲ್ಲೆಯ ಮುಖ ಸವೆದಿದ್ದರೆ ಗಾಡಿ ಸದಾ ಚೋಕ್ ಹಾಕಿಕೊಂಡಂತೆ ಓಡುತ್ತ ಪೆಟ್ರೋಲು ಕುಡಿಯುತ್ತದೆ. ಸವೆತವಿದ್ದರೆ ಗಾಜಿನ ಮೇಲೆ ನಯವಾದ ಪಾಲಿಷ್ ಕಾಗದ ಹಾಸಿ, ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿ ಸಮ ಮಾಡಬೇಕು. ಮೇಲ್ಮುಚ್ಚಳದ ಅಂಚಿಗೂ ಇದೇ ಮದ್ದು. ಹಿಂದಿನವರು ಸ್ಕ್ರೂ ಮಿತಿ ಮೀರಿ ಬಿಗಿದಿದ್ದರೆ ಸತು ಬಾಗಿರುತ್ತದೆ.

ಸವೆತದ ಮುಖ್ಯ ಜಾಗ ಥ್ರಾಟಲ್ ಸ್ಪಿಂಡಲ್. ಉಕ್ಕಿನ ಕಡ್ಡಿ ಸತುವಿನ ತೂತಿನಲ್ಲಿ ವರ್ಷಗಟ್ಟಲೆ ತಿರುಗಿದರೆ ತೂತು ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಅಲ್ಲಿಂದ ಕಳ್ಳ ಹವಾ ಒಳಗೆ ಸೇರುತ್ತದೆ. ಆಮೇಲೆ ಯಾವ ಸ್ಕ್ರೂ ತಿರುಗಿಸಿದರೂ ಸ್ಲೋ ಸ್ಪೀಡ್ ನಿಲ್ಲುವುದಿಲ್ಲ. ಇದೊಂದು ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ. ಲೇತ್ ಕೆಲಸದವರ ಹತ್ತಿರ ಒಯ್ದು, ತೂತನ್ನು ನೇರಕ್ಕೆ ರೀಮ್ ಮಾಡಿಸಿ, ಹಿತ್ತಾಳೆಯ ಬುಷ್ ಹಾಕಿಸಬೇಕು. ಹೊಸ ಬುಷ್‌ನಲ್ಲಿ ಸ್ಪಿಂಡಲ್ ತಿರುಗಿಸಿ ಬಿಟ್ಟಾಗ ಬಟರ್‌ಫ್ಲೈ ತಟ್ಟೆ ‘ಟಕ್’ ಎಂದು ಮುಚ್ಚುವ ಸದ್ದು ಕೇಳಿದವನಿಗೆ ಕೊಟ್ಟ ಹಣದ ಲೆಕ್ಕ ಮರೆಯುತ್ತದೆ.

ಹೊಸ ಪ್ಯಾಕಿಂಗ್, ಹೊಸ ಸೂಜಿ, ಆಕ್ಸಿಲರೇಟರ್ ಪಂಪಿನ ಹೊಸ ಡಯಾಫ್ರಂ ರಿಪೇರಿ ಕಿಟ್ಟಿನಲ್ಲಿ ಒಟ್ಟಿಗೇ ಬರುತ್ತವೆ. ಬೀದರದಲ್ಲಿ ಸಿಗದಿದ್ದರೆ ಸಿಕಂದರಾಬಾದಿನ ರಾಣಿಗಂಜ್, ಅಲ್ಲೂ ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. ಕೂಡಿಸುವಾಗ ಅಂಟು ಹಚ್ಚುವ ಚಟ ಬೇಡ. ಅಂಚು ಸಮವಾಗಿದ್ದರೆ ಒಣ ಪ್ಯಾಕಿಂಗೇ ಹಿಡಿಯುತ್ತದೆ. ಅಂಟಿನ ಚೂರು ಒಳಗೆ ಬಿದ್ದರೆ ಮತ್ತೆ ಜೆಟ್ ಕಟ್ಟುತ್ತದೆ. ಕೂಡಿಸಿದ ಮೇಲೆ, ಗಾಡಿಗೆ ಏರಿಸುವ ಮುಂಚೆ ನೋಡಲೇಬೇಕಾದ ಒಂದು ನೋಟವಿದೆ. ತೊಟ್ಟಿಗೆ ಪೆಟ್ರೋಲು ತುಂಬಿ ಥ್ರಾಟಲ್ ಕೈಯಿಂದ ತೆರೆಯಿರಿ. ಪಂಪಿನ ಮೂತಿಯಿಂದ ದಾರದಷ್ಟು ತೆಳುವಾದ ಧಾರೆ ಹೊರಟು ವೆಂಚುರಿಯ ನಡುವಿಗೆ ಬೀಳುತ್ತದೆ. ಲಿವರ್ ಅಲುಗಿದ ಕ್ಷಣಕ್ಕೇ ಅದು ಹೊರಡಬೇಕು, ಗೋಡೆಗೆ ತಗಲಬಾರದು, ನಡುವೆ ಕಡಿಯಬಾರದು. ಬಿಸಿಲಿಗೆ ಆ ಧಾರೆ ಒಂದು ಗಳಿಗೆ ಮಿನುಗಿ ಮಾಯವಾಗುತ್ತದೆ. ನಾನು ಇದನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಮಾಡುತ್ತೇನೆ, ಬರೀ ನೋಡುವ ಆಸೆಗೆ.

ಟ್ಯೂನಿಂಗಿಗೆ ಕೂರುವ ಮುಂಚೆ ಟ್ಯಾಪೆಟ್, ಪಾಯಿಂಟ್, ಟೈಮಿಂಗ್, ಪ್ಲಗ್ ನಾಲ್ಕೂ ಸರಿಯಿರಬೇಕು. ಇವುಗಳ ತಪ್ಪನ್ನು ಕಾರ್ಬುರೇಟರಿನ ತಲೆಗೆ ಕಟ್ಟುವುದು ಬಹಳ ಕಡೆ ನಡೆಯುವ ಅನ್ಯಾಯ. ಎಂಜಿನ್ ಪೂರ್ತಿ ಬಿಸಿಯಾಗಲಿ, ಚೋಕ್ ಪೂರ್ತಿ ಒಳಗಿರಲಿ. ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ತಳಕ್ಕೆ ಮುಟ್ಟಿಸಿ ಒಂದೂವರೆ ಸುತ್ತು ಬಿಚ್ಚಿ ಶುರು ಮಾಡಿ. ಒತ್ತಿ ಬಿಗಿದರೆ ಸ್ಕ್ರೂವಿನ ಮೊನೆಯಲ್ಲಿ ಬಳೆಯಂಥ ಗೆರೆ ಬಿದ್ದು ಅದು ಕೆಟ್ಟಂತೆಯೇ. ಆಮೇಲೆ ಕಾಲು ಸುತ್ತು ಹೊರಗೆ, ಕಾಯಿರಿ. ಮತ್ತೆ ಕಾಲು ಸುತ್ತು, ಕಾಯಿರಿ. ಪೆಟ್ರೋಲು ಹೆಚ್ಚಾದಾಗ ಎಂಜಿನ್ ಭಾರವಾಗಿ ತೂಗಾಡುತ್ತದೆ, ಸೈಲೆನ್ಸರಿನಿಂದ ಕಣ್ಣಿಗೆ ಹತ್ತುವ ಹೊಗೆ. ಒಳಗೆ ತಿರುಗಿಸುತ್ತ ಬಂದರೆ ಸದ್ದು ತಿಳಿಯಾಗುತ್ತದೆ, ವೇಗ ತಾನಾಗಿ ಏರುತ್ತದೆ, ಇನ್ನೂ ಒಳಗೆ ಹೋದರೆ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತದೆ. ಆ ಏರಿಕೆಗೂ ಆ ಮಿಸ್‌ಗೂ ನಡುವೆ ಸ್ಕ್ರೂವಿನ ತಲೆ ಬಲು ಸ್ವಲ್ಪ ತಿರುಗುವಷ್ಟು ಜಾಗವಿದೆ. ಅಲ್ಲಿ ನಿಂತಾಗ ಎಂಜಿನ್ನಿನ ನಾಲ್ಕು ದನಿ ಒಂದಾಗುತ್ತವೆ. ಫೆಂಡರಿನ ಮೇಲಿಟ್ಟ ಬಟ್ಟಲಿನ ನೀರು ನಡುಗುವುದು ಕಡಿಮೆಯಾಗುತ್ತದೆ. ಆಗ ಸ್ಲೋ ಸ್ಪೀಡಿನ ಸ್ಕ್ರೂ ತಗ್ಗಿಸಿ, ಮತ್ತೊಮ್ಮೆ ಮಿಕ್ಸ್ಚರ್ ನೋಡಿ. ಎರಡೂ ಒಂದನ್ನೊಂದು ಎಳೆಯುತ್ತವೆ, ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ, ಮುಗಿಯಬೇಕೆಂಬ ಆತುರವೂ ನನಗಿಲ್ಲ.

ಮನೆಯಲ್ಲೇ ಟ್ಯೂನ್ ಮಾಡಬೇಕೆನ್ನುವುದಕ್ಕೆ ನನ್ನ ಹತ್ತಿರ ಗಟ್ಟಿ ಕಾರಣವೊಂದಿದೆ. ಈ ಕಾರು ಕಣ್ಣು ಬಿಟ್ಟದ್ದು ಮುಂಬೈಯಲ್ಲಿ, ಸಮುದ್ರದ ಮಗ್ಗುಲಲ್ಲಿ. ಬೀದರ ಇರುವುದು ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಮೇಲೆ, ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಇಲ್ಲಿನ ಹವಾ ಅಲ್ಲಿಗಿಂತ ನೂರಕ್ಕೆ ಆರೇಳರಷ್ಟು ತೆಳು. ಕಾರ್ಬುರೇಟರಿಗೆ ಹವಾದ ತೂಕ ಗೊತ್ತಾಗುವುದಿಲ್ಲ. ಹೀಗಾಗಿ ಇಲ್ಲಿ ಮಿಶ್ರಣ ನೂರಕ್ಕೆ ಮೂರು-ನಾಲ್ಕರಷ್ಟು ಪೆಟ್ರೋಲಿನ ಕಡೆ ವಾಲುತ್ತದೆ. ಈಗ ಇನ್ನೊಂದು ಮಗ್ಗುಲು ನೋಡಿ. ಬಂಕುಗಳಲ್ಲಿ ಬರುತ್ತಿರುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಇಥೆನಾಲ್. ಇಥೆನಾಲಿನೊಳಗೆ ಆಗಲೇ ಆಮ್ಲಜನಕ ಇರುವುದರಿಂದ ಮಿಶ್ರಣ ನೂರಕ್ಕೆ ಏಳರ ಸುಮಾರು ಹವಾದ ಕಡೆ ವಾಲುತ್ತದೆ. ಎತ್ತರ ಒಂದು ಕಡೆ ಎಳೆದರೆ ಇಥೆನಾಲ್ ಇನ್ನೊಂದು ಕಡೆ ಎಳೆಯುತ್ತದೆ, ಅರ್ಧದಷ್ಟು ಅಲ್ಲಿಗಲ್ಲಿಗೇ ತೀರುತ್ತದೆ. ಮುಂಬೈಯವರು ಜೆಟ್ ದೊಡ್ಡದು ಮಾಡಿ ತುಂಬಬೇಕಾದ ಕೊರತೆಯಲ್ಲಿ ಅರ್ಧವನ್ನು ಬೀದರದ ಎತ್ತರ ಪುಕ್ಕಟೆ ತುಂಬಿಕೊಡುತ್ತದೆ. ಇದನ್ನು ಲೆಕ್ಕ ಹಾಕಿ ಕಂಡ ದಿನ ನನಗಾದ ಸಂತೋಷ ಬಹಳ ದೊಡ್ಡದು.

ಇಥೆನಾಲ್ ತರುವ ಕಾಟವೂ ಇದೆ. ಅದು ಹವಾದ ತೇವ ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಸತುವಿನ ಮೇಲೆ ಬಿಳಿ ಹಿಟ್ಟು ಎಬ್ಬಿಸುತ್ತದೆ. ಕಬ್ಬು ನಮ್ಮ ಭಾಲ್ಕಿ ಕಡೆಯ ಬೆಳೆ. ಕಬ್ಬಿನ ಕಾಕಂಬಿಯಿಂದ ಬರುವ ಸರಕನ್ನು ಬೈಯಲು ನನಗೆ ಮನಸ್ಸಿಲ್ಲ. ಗಾಡಿ ವಾರಗಟ್ಟಲೆ ನಿಲ್ಲುವುದಿದ್ದರೆ ತೊಟ್ಟಿ ಬರಿದು ಮಾಡಿ ಇಡುವುದು, ರಬ್ಬರ್ ಪೈಪು ಹೊಸದು ಹಾಕುವುದು, ಇಷ್ಟಾದರೆ ಎರಡೂ ಕೂಡಿ ಬಾಳುತ್ತವೆ.

ಅಂಗಳದ ಟ್ಯೂನಿಂಗ್ ಅರ್ಧ ಮಾತ್ರ. ಉಳಿದರ್ಧ ರಸ್ತೆಯ ಮೇಲೆ. ಬೀದರದಿಂದ ಔರಾದಕ್ಕೆ ಹೋಗುವ ದಾರಿಯೇ ನನ್ನ ಪರೀಕ್ಷೆಯ ದಾರಿ. ಜನವಾಡ ದಾಟಿ ಮಾಂಜ್ರಾ ನದಿಯ ಕಡೆ ಇಳಿಯುವಾಗ ಕೆಂಪು ನೆಲ ಹಿಂದೆ ಸರಿದು ಎರೆಭೂಮಿ ಶುರುವಾಗುತ್ತದೆ. ಕೌಠಾದ ಸೇತುವೆ, ಆಚೆ ಸಂತಪುರ, ಎರಡೂ ಕಡೆ ತೊಗರಿ. ಈ ದಾರಿಯಲ್ಲಿ ಆಲಿಸಬೇಕಾದ್ದು ಒಂದೇ ಒಂದು ಸಂಗತಿ: ಆಕ್ಸಿಲರೇಟರನ್ನು ಚೂರೇ ಚೂರು ಒತ್ತಿದಾಗ ಗಾಡಿ ಹೇಗೆ ಮುಂದೆ ಬರುತ್ತದೆ ಎಂಬುದು. ಬಟರ್‌ಫ್ಲೈ ತಟ್ಟೆಯ ಅಂಚು ಎದುರಾಗುವಲ್ಲಿ ಗೋಡೆಯಲ್ಲಿ ಸಣ್ಣ ತೂತುಗಳಿವೆ. ತಟ್ಟೆ ಎದ್ದಂತೆ ಅವು ತೆರೆದುಕೊಂಡು, ಸ್ಲೋ ಸ್ಪೀಡಿನ ಪೈಲಟ್ ಜೆಟ್ ಸಾಲದಾಗುವ, ಮೇನ್ ಜೆಟ್ ಇನ್ನೂ ಎಚ್ಚರಾಗದ ನಡುವಿನ ಗಳಿಗೆಯನ್ನು ತುಂಬುತ್ತವೆ. ಆ ತೂತು ಕಟ್ಟಿದ್ದರೆ ಗಾಡಿ ಒಂದು ಕ್ಷಣ ತಡೆದು, ಆಮೇಲೆ ಜಿಗಿಯುತ್ತದೆ. ಸ್ವಚ್ಛವಾಗಿದ್ದರೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದ್ದೇ ತಿಳಿಯುವುದಿಲ್ಲ. ಮೂರನೇ ಗೇರಿನಲ್ಲಿ, ಎತ್ತಿನ ಬಂಡಿಯೊಂದರ ಹಿಂದೆ ನಿಧಾನವಾಗಿ ಬಂದು, ದಾರಿ ಸಿಕ್ಕಾಗ ಮೆಲ್ಲಗೆ ಕಾಲು ಒತ್ತಿ, ಎಂಜಿನ್ ದನಿ ಎಲ್ಲೂ ಮುರಿಯದೆ ಏರುವುದನ್ನು ಕೇಳುವುದು ನಾನು ಬಲ್ಲ ದೊಡ್ಡ ಸುಖಗಳಲ್ಲಿ ಒಂದು. ವೇಗ ಅಲ್ಲಿ ಗಂಟೆಗೆ 40 ಕಿಲೋಮೀಟರ್ ಇದ್ದರೂ ಸಾಕು.

ಮೇ ತಿಂಗಳಲ್ಲಿ ಔರಾದ ಬೇರೆ ಪಾಠ ಹೇಳುತ್ತದೆ. ಅಮರೇಶ್ವರನ ಗುಡಿಯ ಹತ್ತಿರ ಗಾಡಿ ನಿಲ್ಲಿಸಿ, ದರ್ಶನ ಮಾಡಿ ಬಂದು ಕೀಲಿ ತಿರುಗಿಸಿದರೆ ಎಂಜಿನ್ ಹಿಡಿಯುವುದಿಲ್ಲ. ನಿಂತ ಎಂಜಿನ್ನಿನ ಕಾವು ಮೇಲೇರಿ ತೊಟ್ಟಿಯ ಪೆಟ್ರೋಲನ್ನೇ ಕುದಿಸಿರುತ್ತದೆ. ಕಾರ್ಬುರೇಟರಿನ ಬುಡದಲ್ಲಿ ಕಾವು ತಡೆಯುವ ದಪ್ಪನೆಯ ಬೇಕಲೈಟ್ ಪ್ಯಾಕಿಂಗ್ ಇರುವುದು ಇದಕ್ಕೇ. ಅದನ್ನು ಎಸೆದು ಬರೀ ಕಾಗದದ ಪ್ಯಾಕಿಂಗ್ ಹಾಕಿದ ಗಾಡಿಗಳನ್ನು ನೋಡಿದ್ದೇನೆ. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಒಂದು ಚಹಾ ಕುಡಿಯುವಷ್ಟು ಹೊತ್ತು ಕಾದರೆ ಗಾಡಿ ತಾನೇ ಶುರುವಾಗುತ್ತದೆ.

ವಾಪಸು ಬರುವಾಗ ಮಾಂಜ್ರಾ ಕಣಿವೆಯಿಂದ ಬೀದರಕ್ಕೆ ಏರುವ ದಾರಿಯಲ್ಲಿ ಮೇನ್ ಜೆಟ್ಟಿನ ಪರೀಕ್ಷೆ. ಗಾಡಿ ತುಂಬ ಜನ ಇದ್ದರೆ ಇನ್ನೂ ಒಳ್ಳೆಯದು. ಏರು ಮುಗಿದಲ್ಲಿ ಕ್ಲಚ್ ಒತ್ತಿ, ಎಂಜಿನ್ ಬಂದ್ ಮಾಡಿ, ರಸ್ತೆಯ ಮಗ್ಗುಲಿಗೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಬೇಕು. ಪಿಂಗಾಣಿಯ ಮೇಲೆ ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಸುಣ್ಣದ ಬಿಳುಪಿದ್ದರೆ ಹವಾ ಹೆಚ್ಚು. ಹುರಿದ ಜೋಳದ ಹಿಟ್ಟಿನ ಬಣ್ಣ ಬಂದರೆ ಮುಟ್ಟಬೇಡಿ. ಭಾಲ್ಕಿಯ ಆ ಚಾಚಾ ಪ್ಲಗ್ ಕೂಡ ಬಿಚ್ಚುವುದಿಲ್ಲ. ಸೈಲೆನ್ಸರಿನ ಹಿಂದೆ ಅಂಗೈ ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಅಂಗೈಗೆ ಬಡಿಯುವ ಉಸಿರು ಸಮವಾಗಿದೆಯೋ ಇಲ್ಲವೋ, ಎಲ್ಲಿ ಒಂದು ಬಡಿತ ತಪ್ಪುತ್ತಿದೆ ಎಂದು ಹೇಳುತ್ತಾರೆ. ಅವರ ನಂತರ ಹೊಗೆ ತಪಾಸಣೆಯ ಪಿ.ಯು.ಸಿ. ಯಂತ್ರದ ಮುಂದೆ ಗಾಡಿ ನಿಲ್ಲಿಸುವುದು ನನ್ನ ರೂಢಿ. ಪದ್ಮಿನಿಯ ಕಾಲದ ಗಾಡಿಗಳಿಗೆ ಸ್ಲೋ ಸ್ಪೀಡಿನಲ್ಲಿ ಕಾರ್ಬನ್ ಮೊನಾಕ್ಸೈಡ್ ನೂರಕ್ಕೆ 3ರ ಒಳಗಿರಬೇಕೆಂದು ನಿಯಮ. ಬರೀ ಸರ್ಟಿಫಿಕೇಟ್ ತಗೊಂಡು ಬರಬೇಡಿ, ಆ ಅಂಕಿ ಬರೆದಿಟ್ಟುಕೊಳ್ಳಿ. ಮಿಕ್ಸ್ಚರ್ ಸ್ಕ್ರೂವಿಗೆ ಅಷ್ಟು ಕಡಿಮೆ ದುಡ್ಡಿನಲ್ಲಿ ಅಷ್ಟು ಒಳ್ಳೆಯ ಸಾಕ್ಷಿ ಬೇರೆಲ್ಲೂ ಸಿಗದು.

2000ದಲ್ಲಿ ದೇಶಕ್ಕೆಲ್ಲ ಹೊಸ ಹೊಗೆ ನಿಯಮ ಬಂದ ಮೇಲೆ ಕಾರುಗಳಿಂದ ಕಾರ್ಬುರೇಟರ್ ಮರೆಯಾಗುತ್ತ ಹೋಯಿತು, 2020ರ ಬಿ.ಎಸ್. 6 ಹೆಚ್ಚಿನ ಮೋಟರ್ ಸೈಕಲುಗಳಿಂದಲೂ ಅದನ್ನು ತೆಗೆಯಿತು. ಇಂಜೆಕ್ಷನ್ ಗಾಡಿ ಕಡಿಮೆ ಕುಡಿಯುತ್ತದೆ, ಕಡಿಮೆ ಹೊಗೆ ಬಿಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಚ್ಚಿ ಧೋತರದ ಮೇಲೆ ಇಟ್ಟು, ಪ್ರತಿ ತೂತಿನ ಕೆಲಸವನ್ನು ಮನೆಯ ಹುಡುಗರಿಗೆ ಬೆರಳು ತೋರಿಸಿ ಹೇಳಬಹುದಾದ ಯಂತ್ರ ಇದೇ.

ಪ್ಯಾಕಿಂಗ್, ಸೂಜಿ, ಡಯಾಫ್ರಂ ಇವತ್ತಿಗೂ ಸಿಗುತ್ತವೆ. ಪದ್ಮಿನಿಯೇ ನಿಂತು ಎರಡು ದಶಕ ದಾಟಿತು, ಸತುವಿನ ಹೊಸ ಒಡಲು ಎಲ್ಲಿಂದ ಬರಬೇಕು? ನಿಮ್ಮ ಮನೆಯ ಅಟ್ಟದಲ್ಲೋ, ಹಿತ್ತಲ ಕೋಣೆಯಲ್ಲೋ, ಮುಚ್ಚಿದ ಗ್ಯಾರೇಜಿನ ಡಬ್ಬಿಯಲ್ಲೋ ಹಳೆಯ ಸೊಲೆಕ್ಸ್ ಬಿದ್ದಿದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ತೆಳುವಾಗಿ ಎಣ್ಣೆ ಸವರಿ, ಜೆಟ್ ಮೇಲಿನ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಕಟ್ಟಿಡಿ. ಇಲ್ಲವೇ ಓಡುವ ಗಾಡಿ ಇಟ್ಟುಕೊಂಡವರ ಕೈಗೆ ಕೊಡಿ.